ಕಣ್ಣಂಚಿನ ಗೆರೆ

ಮೂರನೆಯ ಸಲ ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಅತ್ತೆಯ ಬಲರೆಪ್ಪೆಯ ಮೇಲೆ ಎಳೆದಳು ಸೊಸೆ. ಈ ಸಲ ಕೊಂಚ ಒತ್ತಿಯೇ ಎಳೆದಳು. ಹತ್ತಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಬೆಳ್ಳಗೇ ಇತ್ತು. ರೆಪ್ಪೆಯಂಚಿನ ಗೆರೆ ಕದಲಿರಲಿಲ್ಲ.

ಶಿಶುವಿಹಾರದಲ್ಲಿ ಇಪ್ಪತ್ತೆಂಟು ಮಕ್ಕಳ ಮೂಗು, ಬಾಯಿ, ಬಣ್ಣ ಮೆತ್ತಿದ ಕೈ ಒರೆಸಿ ಪಳಗಿದ ಟೀಚರು ಅವಳು. ಯಾವ ಕಲೆ ಯಾವುದಕ್ಕೆ ಬಗ್ಗುತ್ತದೆ ಎಂಬುದು ಬೆರಳ ತುದಿಯಲ್ಲೇ ಗೊತ್ತಿತ್ತು. ಸೋಪಿನ ನೀರಿಗೆ ಹೋಗದ್ದು ಎಣ್ಣೆಗೆ ಹೋಗಬೇಕು. ಹೋಗಲಿಲ್ಲ ಎಂದಮೇಲೆ ಅವಳಿಗೆ ಹಟವೇ ಬಂತು.

ಹೊರಗೆ ಹಾಲಿನಲ್ಲಿ ಜನ ಸೇರತೊಡಗಿದ್ದರು. ಒಂಬತ್ತಕ್ಕೆ ಹೆಣವನ್ನು ಹಾಲಿಗೆ ತರಬೇಕು, ಹನ್ನೊಂದಕ್ಕೆ ಗಾಡಿ ಬರುತ್ತದೆ ಎಂದು ಗಂಡ ಬಾಗಿಲಲ್ಲೇ ನಿಂತು ಹೇಳಿ ಹೋಗಿದ್ದ. ಮೈ ಒರೆಸಿಯಾಗಿತ್ತು, ಬಟ್ಟೆ ಬದಲಿಸಿಯಾಗಿತ್ತು, ತಲೆ ಬಾಚಿಯಾಗಿತ್ತು. ಉಳಿದದ್ದು ಈ ಕಣ್ಣು.

ಅತ್ತೆ ನಿದ್ದೆಯಲ್ಲೇ ಹೋಗಿದ್ದರು. ಐದಕ್ಕೆ ಏಳುವವರು ಆರಾದರೂ ಏಳಲಿಲ್ಲವೆಂದು ಸೊಸೆ ಕೋಣೆಗೆ ಬಂದು ನೋಡಿದಾಗ ಮೈ ತಣ್ಣಗಾಗಿತ್ತು. ಮೊದಲು ಅವಳ ಮನಸ್ಸಿಗೆ ಬಂದದ್ದು ದುಃಖವಲ್ಲ. ‘ಮಲಗುವಾಗಲೂ ಹಚ್ಕೊಂಡೇ ಮಲಗ್ತಿತ್ತಾ ಈ ಮುದುಕಿ’ ಎಂಬ ಯೋಚನೆ. ಆಮೇಲೆ ನಾಚಿಕೆಯಾಯಿತು, ಆಮೇಲೆ ಅಳು ಬಂತು. ಆದರೆ ಬಂದದ್ದು ಆ ಕ್ರಮದಲ್ಲೇ.

ಹನ್ನೆರಡು ವರ್ಷದಲ್ಲಿ ಗೆರೆಯಿಲ್ಲದ ಅತ್ತೆಯನ್ನು ಅವಳು ಕಂಡಿರಲಿಲ್ಲ. ಬೆಳಗ್ಗೆ ಐದಕ್ಕೆ ಬಚ್ಚಲುಮನೆಯ ಚಿಲಕ ಬೀಳುತ್ತಿತ್ತು. ಕಾಲು ಗಂಟೆಯ ಮೇಲೆ ಹೊರಗೆ ಬಂದರೆ ಎರಡೂ ಕಣ್ಣಿಗೆ ಕಡುಗಪ್ಪು ಐಲೈನರು, ಕೊನೆಯಲ್ಲಿ ಮೀನಿನ ಬಾಲದ ಹಾಗೆ ಒಂದು ಎಳೆತ. ಜ್ವರ ಬಂದರೂ ಗೆರೆ, ಕರೆಂಟು ಹೋದರೂ ಗೆರೆ. ಮಗ ಸ್ಕೂಟರಿನಿಂದ ಬಿದ್ದು ಆಸ್ಪತ್ರೆ ಸೇರಿದ ದಿನವೂ ಕಾಲು ಗಂಟೆ ಬಚ್ಚಲಲ್ಲಿದ್ದು ಗೆರೆ ಎಳೆದುಕೊಂಡೇ ಹೊರಟವರು. ‘ನಮ್ಮ ಮಹಾರಾಣಿ ಮನೆಗೆ ಬೆಂಕಿ ಬಿದ್ರೂ ಗೆರೆ ಎಳ್ಕೊಂಡೇ ಓಡೋದು’ ಎಂಬ ಸೊಸೆಯ ಮಾತು ನೆಂಟರಲ್ಲಿ ಗಾದೆಯಂತೆ ಓಡಾಡುತ್ತಿತ್ತು. ಅತ್ತೆಯ ಕಿವಿಗೂ ಅದು ಬಿದ್ದಿತ್ತು.

ನಾಲ್ಕನೆಯ ಸಲ ಹತ್ತಿ ಅದ್ದುವಾಗ ಬಾಗಿಲು ಸರಿಯಿತು. ಬಂದವರು ಅತ್ತೆಯ ತಂಗಿ. ಸೊಸೆಗೆ ಚಿಕ್ಕತ್ತೆ. ಮೊದಲ ಬಸ್ಸು ಹಿಡಿದು ಬಂದಿದ್ದರು. ಅಳುತ್ತಿರಲಿಲ್ಲ. ಅಕ್ಕನ ಮುಖವನ್ನು ನೋಡಿದರು, ಸೊಸೆಯ ಕೈಯನ್ನು ನೋಡಿದರು, ಬಾಗಿಲು ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ನಿಂತರು.

“ಉಜ್ಜಬೇಡ. ಅದು ಹೋಗಲ್ಲ.”

“ಇನ್ನೊಂಚೂರು ಎಣ್ಣೆ ಬಿಟ್ರೆ ಹೋಗುತ್ತೆ ಚಿಕ್ಕತ್ತೆ. ಹಿಂಗೇ ಮಲಗಿಸಿದ್ರೆ ನೋಡಿದ ಜನ ಏನಂದ್ಕೊಳ್ಳಲ್ಲ?”

“ಹಚ್ಚಿದ್ದಾದ್ರೆ ಹೋಗ್ತಿತ್ತು,” ಅಂದರು ಚಿಕ್ಕತ್ತೆ. “ಅದು ಹಚ್ಚೆ ಕಣೆ.”

*

ಮಾವನದು ಫೋಟೋ ಸ್ಟುಡಿಯೋ. ಅತ್ತೆ ಆ ಸ್ಟುಡಿಯೋಗೆ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬಂದದ್ದು ಸೊಸೆಯಾಗಿ ಅಲ್ಲ, ಕೆಲಸಕ್ಕೆ. ತಿದ್ದುವ ಕೆಲಸ. ಬಾಗಿಸಿಟ್ಟ ಗಾಜಿನ ಹಲಗೆ, ಅದರ ಕೆಳಗೊಂದು ಬಲ್ಬು, ಪಕ್ಕದಲ್ಲಿ ಸೂಜಿಯ ಹಾಗೆ ಹೆರೆದ ಪೆನ್ಸಿಲು, ನಾಲ್ಕೇ ಕೂದಲಿನ ಕುಂಚ, ಒಂದು ಬಟ್ಟಲು ಶಾಯಿ. ಮೊಡವೆ ಅಳಿಸುವುದು, ನರೆತ ಮೀಸೆಗೆ ಕಪ್ಪು ತುಂಬುವುದು, ಗುಂಪಿನ ಫೋಟೋದಲ್ಲಿ ಕಣ್ಣು ಮುಚ್ಚಿ ನಿಂತವರಿಗೆ ಕಣ್ಣು ಬರೆಯುವುದು. ಇಡೀ ರಸ್ತೆಯಲ್ಲಿ ಅಂಥ ಕೈ ಇನ್ನೊಂದಿರಲಿಲ್ಲ. ‘ಮುಚ್ಚಿದ ಕಣ್ಣು ತೆರೆಸೋ ಡಾಕ್ಟರಮ್ಮ’ ಎಂದು ಪಕ್ಕದ ಅಂಗಡಿಯ ಟೈಲರು ತಮಾಷೆ ಮಾಡುತ್ತಿದ್ದ.

ಒಂದು ದಿನ ಸ್ಟುಡಿಯೋದ ಯಜಮಾನ ಅವಳನ್ನೇ ದೀಪದ ಮುಂದೆ ಕೂರಿಸಿ ಒಂದು ಫೋಟೋ ತೆಗೆದ. ಅಷ್ಟಗಲ ಮುಖ, ಹೂಜಿಯಂಥ ಕೊರಳು, ಎಲ್ಲ ಚೆನ್ನಾಗಿತ್ತು. ಕಣ್ಣು ಮಾತ್ರ ಸಣ್ಣದು. ತಿದ್ದು ಅಂದ. ಅವಳು ತಿದ್ದಿದಳು. ತನ್ನ ಕಣ್ಣಿಗೆ ತಾನೇ ಕುಂಚ ಹಿಡಿದು ರೆಪ್ಪೆಯಂಚಿಗೆ ಕಪ್ಪು ಕೊಟ್ಟಳು, ಕೊನೆಯನ್ನು ಕಿವಿಯ ಕಡೆಗೆ ಎಳೆದಳು, ಕಣ್ಣು ಅರ್ಧಕ್ಕರ್ಧ ದೊಡ್ಡದಾಯಿತು. ಆ ಫೋಟೋ ಬಾಗಿಲೆತ್ತರಕ್ಕೆ ಬೆಳೆದು ಶೋಕೇಸಿನಲ್ಲಿ ನಿಂತಿತು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಮದುವೆ ಹೆಣ್ಣುಗಳು ಬಂದು ‘ನಮ್ಗೂ ಆ ಥರ ಕಣ್ಣು ಬೇಕು’ ಅಂದರು. ವರ್ಷದೊಳಗೆ ಯಜಮಾನ ಅವಳನ್ನು ಮದುವೆಯಾದ. ಅವನು ಮದುವೆಯಾದದ್ದು ಫೋಟೋವನ್ನು ಎಂದು ಚಿಕ್ಕತ್ತೆ ಈಗ ಅಂದರು. ಆಗ ಅವರಿಗೆ ಹದಿಮೂರು, ಅದೆಲ್ಲ ತಿಳಿಯುತ್ತಿರಲಿಲ್ಲ.

ಮದುವೆಯ ಮೇಲೆ ಒಂದು ಕಟ್ಟಳೆಯಾಯಿತು. ಶೋಕೇಸಿನ ಕಣ್ಣನ್ನು ನೋಡಿ ಒಳಗೆ ಬಂದ ಗಿರಾಕಿಗೆ ಕುರ್ಚಿಯಲ್ಲೂ ಅದೇ ಕಣ್ಣು ಕಾಣಬೇಕು. ಅವಳು ದಿನವೂ ಬರೆದುಕೊಂಡಳು. ಮಗ ಹುಟ್ಟಿದ ಮೇಲೆ ಕಷ್ಟವಾಯಿತು. ರಾತ್ರಿಯಿಡೀ ಕೂಸು, ಹಗಲಿಡೀ ಗಾಜಿನ ಹಲಗೆ, ಬರೆದದ್ದು ಬೆವರಿಗೆ ಇಳಿದು ಕೆನ್ನೆಗೆ ಬರುತ್ತಿತ್ತು. ಒಂದು ದಿನ ಬರೆದುಕೊಳ್ಳದೆಯೇ ಕೂತಿದ್ದಳು. ಮಗಳ ಫೋಟೋಕ್ಕೆಂದು ಬಂದ ಹೆಂಗಸೊಬ್ಬಳು ಶೋಕೇಸನ್ನೂ ಕುರ್ಚಿಯನ್ನೂ ಎರಡೆರಡು ಸಲ ನೋಡಿ, ‘ಅಯ್ಯೋ, ಇವ್ರೇನಾ ಅವ್ರು?’ ಎಂದು ನಕ್ಕಳು. ಯಜಮಾನನೂ ಅವಳ ಜೊತೆ ನಕ್ಕ. ಆ ವಾರವೇ ಹಚ್ಚೆಯವನನ್ನು ಕರೆಸಿದ.

“ಕೈ ಮೇಲೆ ಹೆಸರು ಬರೆಯೋನು ಅವನು,” ಅಂದರು ಚಿಕ್ಕತ್ತೆ. “ರೆಪ್ಪೆ ಮೇಲೆ ಹಾಕಿದ್ದಿಲ್ಲ, ನನ್ ಕೈಲಾಗಲ್ಲ ಅಂತ ಮೂರು ಸಲ ಹೇಳಿದ. ಭಾವ ಬಿಡಲಿಲ್ಲ. ಶೋಕೇಸಿಂದ ಫೋಟೋ ಇಳಿಸ್ಕೊಂಡು ಬಂದು ಅವನ ಮುಂದೆ ನಿಲ್ಸಿದ್ರು. ಇದನ್ನ ನೋಡ್ಕೊಂಡು ಹಾಕು ಅಂತ.”

ಫೋಟೋ ತೊಳೆಯುವ ಕತ್ತಲೆ ಕೋಣೆಯಲ್ಲಿ, ಬೆಂಚಿನ ಮೇಲೆ, ಮೂರು ಗಂಟೆ ಹೊತ್ತು. ಅವಳು ತನ್ನ ಕೈಯಲ್ಲೇ ಬರೆದ ಸುಳ್ಳು ಕಣ್ಣು ಎದುರಿಗೆ ನಿಂತಿತ್ತು. ಅದರ ಅಳತೆಗೆ ಸೂಜಿ ರೆಪ್ಪೆಯಲ್ಲಿ ಇಳಿಯುತ್ತಿತ್ತು. ಯಜಮಾನ ಅವಳ ತಲೆಯನ್ನು ಎರಡು ಮೊಣಕಾಲಿನ ನಡುವೆ ಇಟ್ಟುಕೊಂಡು ಕೂತಿದ್ದ. ಎಡಗಣ್ಣಿಗೆ ಬಂದಾಗ ಅವಳು ಕಾಲು ಝಾಡಿಸಿದಳು, ಸೂಜಿ ಒಳಮೂಲೆಗೆ ಹೋಯಿತು.

ಹಾಲಿನಿಂದ ಯಾರದೋ ಕೆಮ್ಮು ಕೇಳಿಸಿತು.

“ಅದಾದ್ಮೇಲೆ ಕಾಲು ಹಿಡ್ಕೊಳ್ಳೋಕೆ ನನ್ನ ಕರೆದ್ರು. ಹದಿನೆಂಟು ವರ್ಷ ನಂಗೆ. ಹಿಡ್ಕೊಂಡೆ. ಗಟ್ಟಿಯಾಗೇ ಹಿಡ್ಕೊಂಡೆ.”

ಹದಿನೈದು ದಿನ ಕಣ್ಣು ಬಿಡಲಾಗಲಿಲ್ಲ, ಕೀವು ಕಟ್ಟಿತು. ರೆಪ್ಪೆಗೂದಲು ಉದುರಿದ್ದು ಮತ್ತೆ ಹುಟ್ಟಲಿಲ್ಲ. ಎಡಗಣ್ಣಿನಲ್ಲಿ ನೀರು ಬರುವುದೇ ನಿಂತಿತು. ಕೂಸು ಅತ್ತರೆ ತಡವಿಕೊಂಡು ಹೋಗಿ ಹಾಲು ಕೊಟ್ಟಳು. ಎರಡು ವರ್ಷ ಕಳೆಯುವಷ್ಟರಲ್ಲಿ ಹಚ್ಚೆಯ ಕಪ್ಪು ಇಳಿದು ಹಸಿರಾಯಿತು. ಹಳೇ ತಾಮ್ರದ ಕಿಲುಬಿನ ಹಾಗೆ, ಅಂಚು ಕದಡಿದ ಹಸಿರು. ಯಜಮಾನ ಮುಖ ಸಿಂಡರಿಸಿ, ಅಸಹ್ಯವಾಗಿ ಕಾಣುತ್ತದೆ, ಮೇಲೊಂದು ಗೆರೆ ಎಳೆದುಕೋ ಅಂದ. ಬರೆದುಕೊಳ್ಳುವ ಕಾಟ ತಪ್ಪಲಿ ಎಂದು ಹಾಕಿಸಿದ್ದನ್ನು ಮುಚ್ಚಲು ಅಂದಿನಿಂದ ದಿನವೂ ಬರೆದುಕೊಳ್ಳಬೇಕಾಯಿತು. ಮನೆಯವರು ಏಳುವ ಮೊದಲು, ಚಿಲಕ ಹಾಕಿಕೊಂಡು. ಮಗನಿಗೂ ಗೊತ್ತಾಗದ ಹಾಗೆ, ಮೂವತ್ತಾರು ವರ್ಷ.

*

ಸೊಸೆ ಕೈಯಲ್ಲಿದ್ದ ಹತ್ತಿಯನ್ನು ಕೆಳಗಿಟ್ಟಳು. ಬಗ್ಗಿ ಹತ್ತಿರದಿಂದ ನೋಡಿದಳು. ಮಬ್ಬು ಬೆಳಕಿನಲ್ಲಿ ಕಪ್ಪಾಗಿ ಕಂಡದ್ದು ಹಸಿರೇ ಆಗಿತ್ತು. ಆ ಹಸಿರನ್ನು ಅವಳು ಮೊದಲೇ ಒಂದು ಸಲ ನೋಡಿದ್ದಳು.

ಆರು ವರ್ಷದ ಹಿಂದೆ ಅವಳ ಅಪ್ಪ ತೀರಿಕೊಂಡಿದ್ದರು. ತವರಿನ ಹಜಾರದಲ್ಲಿ ಹೆಣವಿತ್ತು, ಸುತ್ತ ಜನ. ಮಧ್ಯಾಹ್ನದ ಹೊತ್ತಿಗೆ ಅತ್ತೆ ಒಬ್ಬರೇ ಬಸ್ಸಿಳಿದು ಬಂದರು. ಬಂದವರೇ ಸೊಸೆಯ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡರು. ಅವಳು ತಲೆಯೆತ್ತಿ ನೋಡಿದಳು. ದಿನವೂ ಕಪ್ಪು ಹಚ್ಚುವ ಹೆಂಗಸಿನ ಕಣ್ಣಿಗೆ ಅವತ್ತು ಹಸಿರು ಬಣ್ಣ. ರಾತ್ರಿಯಿಡೀ ಅತ್ತು ಸೊರಗಿದ್ದ ಸೊಸೆಯ ಪಿತ್ತ ನೆತ್ತಿಗೇರಿತು.

“ಹಸಿರಾ ಅತ್ತೆ?” ಅಂದಿದ್ದಳು, ಎಲ್ಲರಿಗೂ ಕೇಳುವ ಹಾಗೆ. “ನಮ್ಮಪ್ಪ ಸತ್ತಿರೋ ದಿನಕ್ಕೆ ಅಂತ ಹೊಸಾ ಬಣ್ಣ ತೆಗೆದ್ರಾ?”

ಅವಳ ಅಮ್ಮ ತೋಳು ಜಗ್ಗಿದ್ದರು. ಹಿಂದೆ ಯಾರೋ ಮೂಗು ಮುರಿದಿದ್ದರು. ಅತ್ತೆ ಕೈ ಬಿಡಿಸಿಕೊಂಡು ಎದ್ದು, “ತಪ್ಪಾಯ್ತಮ್ಮ” ಎಂದು ಹಿತ್ತಲ ನಲ್ಲಿಯ ಕಡೆ ಹೋದರು. ಮುಖ ತೊಳೆದು, ಸೆರಗಿನಿಂದ ತಿಕ್ಕಿ ತಿಕ್ಕಿ ಒರೆಸಿಕೊಂಡು ಬಂದರು. ಕಣ್ಣು ಕೆಂಪಗಾಗಿತ್ತು, ಹಸಿರು ಹಾಗೇ ಇತ್ತು. ಆಮೇಲೆ ಹೆಣದ ಹತ್ತಿರ ಬರಲಿಲ್ಲ. ಗೋಡೆಯ ಪಕ್ಕದ ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದು ಸಂಜೆಯ ಬಸ್ಸಿಗೆ ಹೋದರು.

ಆ ಕತೆಯನ್ನು ಸೊಸೆ ಶಿಶುವಿಹಾರದಲ್ಲಿ ಏಳೆಂಟು ಸಲವಾದರೂ ಹೇಳಿದ್ದಳು. ಅತ್ತೆ ತಲೆ ತಗ್ಗಿಸಿದ ರೀತಿಯನ್ನು ಮಾಡಿ ತೋರಿಸುತ್ತಿದ್ದಳು. ಟೀಚರುಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಸಾವಿನ ಮನೆಗೆ ಸಿಂಗಾರವಿಲ್ಲದೆ ಹೋಗಬೇಕೆಂದು ಅತ್ತೆ ಅದೊಂದು ದಿನ, ಅವಳಿಗೋಸ್ಕರ, ಬರಿಗಣ್ಣಿನಲ್ಲಿ ಬಂದಿದ್ದರು ಎಂಬುದು ಈಗ, ಅವರ ಹೆಣದ ಮುಂದೆ ಎಣ್ಣೆಗೈಯಲ್ಲಿ ಕೂತಿದ್ದಾಗ ಅವಳಿಗೆ ಹೊಳೆಯಿತು.

*

ಹೆಣವನ್ನು ಹಾಲಿಗೆ ತಂದು ಮಲಗಿಸಿದರು. ತಲೆಯ ಹಿಂದೆ ಮಾವ ಶೋಕೇಸಿನ ಹಳೇ ಫೋಟೋವನ್ನು ತರಿಸಿ ನಿಲ್ಲಿಸಿದ್ದರು. ಕೆಳಗೆ ಮುದುಕಿ, ಮೇಲೆ ಆ ಹುಡುಗಿ. ಬಂದವರು ಮೊದಲು ಫೋಟೋವನ್ನು ನೋಡುತ್ತಿದ್ದರು, ಆಮೇಲೆ ಕೆಳಗೆ ನೋಡುತ್ತಿದ್ದರು, ಮತ್ತೆ ಫೋಟೋವನ್ನೇ ನೋಡುತ್ತಿದ್ದರು.

ಮಾವನಿಗೆ ಎಪ್ಪತ್ತೊಂದು. ನೆಟ್ಟಗೆ ನಿಲ್ಲುವ ಆಳು, ಮೀಸೆ ಕಪ್ಪು, ಮಾತು ಬೆಣ್ಣೆ. ಬಂದವರಿಗೆಲ್ಲ ಮೊದಲ ದಿನ ಅವಳನ್ನು ದೀಪದ ಮುಂದೆ ಕೂರಿಸಿದ ಕತೆ ಹೇಳುತ್ತಿದ್ದರು. ಸೊಸೆ ಕೇಳಿಸಿಕೊಂಡ ಹಾಗೆ ಅದು ಮೂರನೆಯ ಸಲ, ಪ್ರತಿ ಸಲವೂ ಕಣ್ಣು ಒಂದು ಸುತ್ತು ದೊಡ್ಡದಾಗುತ್ತಿತ್ತು. ಈಗ ಮುದುಕನಾಗಿದ್ದ ಟೈಲರು, ಆ ಕಣ್ಣನ್ನು ನೋಡಲೆಂದೇ ಅಂಗಡಿ ಬಾಗಿಲು ತೆಗೆಯುತ್ತಿದ್ದೆ ಎಂದು ಅತ್ತ. ಮಾವ ಅವನ ಬೆನ್ನು ಸವರಿದರು. ಇಂಥ ಹೆಂಡತಿಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡೆ ಅಂದರು.

ಸೊಸೆ ಗಂಡನನ್ನು ಅಡಿಗೆಮನೆಗೆ ಕರೆದು, ಅಮ್ಮನ ಕಣ್ಣಿನ ವಿಷಯ ನಿಮಗೆ ಗೊತ್ತಿತ್ತಾ ಎಂದು ಕೇಳಿದಳು. ಅವನು ಗಾಡಿಯವನ ಜೊತೆ ಫೋನಿನಲ್ಲಿದ್ದ. ಫೋನಿಗೆ ಕೈ ಅಡ್ಡ ಹಿಡಿದು, ಅಮ್ಮನಿಗೆ ಅದೊಂದು ಹುಚ್ಚು, ಈಗ ಅದರ ಮಾತೇಕೆ ಅಂದ. ಅವಳು ಹೇಳಲು ಬಾಯಿ ತೆರೆದಳು. ಅವನು ಗಾಡಿಯವನಿಗೆ ದಾರಿ ಹೇಳತೊಡಗಿದ.

ಅವಳು ಹಾಲಿಗೆ ಮರಳಿದಾಗ ಮಾವ ಹೆಣದ ಪಕ್ಕದಲ್ಲಿ ಬಗ್ಗಿ ನಿಂತಿದ್ದರು. ಕೈಯಲ್ಲಿ ಅತ್ತೆಯ ಐಲೈನರು ಬಾಟಲಿ.

“ಬಾ ತಾಯಿ,” ಅಂದರು. “ಇದನ್ನ ಹಚ್ಚಿಬಿಡು. ಹಿಂಗೆ ಮುಖ ತೊಳ್ಕೊಂಡೋಳ ಥರ ಹೋಗ್ಬಾರ್ದು ಅವಳು.”

ಸೊಸೆ ಕೈ ಚಾಚಲಿಲ್ಲ. ಹಿಂದೆಗೆದುಕೊಳ್ಳಲೂ ಇಲ್ಲ. ಗೋಡೆಯ ಪಕ್ಕದಿಂದ ಚಿಕ್ಕತ್ತೆ ಎದ್ದರು.

“ಬೇಡ ಭಾವ. ಇವತ್ತಾದ್ರೂ ಬಿಡಿ ಅವಳನ್ನ.”

ಮಾವ ನಾದಿನಿಯನ್ನು ನೋಡಿದರು. ಸಿಟ್ಟು ಮಾಡಲಿಲ್ಲ. ಚಿಕ್ಕ ಮಗುವಿನ ರಚ್ಚೆ ಕಂಡವರ ಹಾಗೆ ಕಣ್ಣಲ್ಲೇ ನಕ್ಕರು.

“ನೋಡಿ,” ಎಂದರು ಜನರ ಕಡೆ ತಿರುಗಿ. “ಇವಳಿಗೆ ಮೊದಲಿಂದಲೂ ಅಕ್ಕನ ಕಣ್ಣಿನ ಮೇಲೇ ಹೊಟ್ಟೆಕಿಚ್ಚು.”

ಸಾವಿನ ಮನೆಯಲ್ಲೂ ಒಂದು ಮೆಲುನಗೆ ಸಾಲಿನಿಂದ ಸಾಲಿಗೆ ಹೋಯಿತು. ಪಾಪ, ದುಃಖದಲ್ಲೂ ಯಜಮಾನರು ಹಾಸ್ಯ ಬಿಟ್ಟಿಲ್ಲ ಎಂದು ಯಾರೋ ಮೆಚ್ಚಿದರು. ಚಿಕ್ಕತ್ತೆಯ ಬಾಯಿ ಒಂದು ಸಲ ಅಲುಗಿತು. ಅಷ್ಟು ಜನರ ನಡುವೆ, ಹೆಣವನ್ನು ಮುಂದಿಟ್ಟುಕೊಂಡು, ಆ ಕತ್ತಲೆ ಕೋಣೆಯನ್ನು ಎಲ್ಲಿಂದ ಹೇಳಲು ಶುರು ಮಾಡುವುದು? ಹೇಳಿದರೆ ತಾನು ಕಾಲು ಹಿಡಿದುಕೊಂಡದ್ದನ್ನೂ ಹೇಳಬೇಕು. ಅವರು ಕೂತುಬಿಟ್ಟರು.

“ನಾನೇ ಹಚ್ತೀನಿ,” ಎಂದು ಮಾವ ಮೊಣಕಾಲೂರಿದರು. ಮುಚ್ಚಳ ತಿರುವಿದರು. ಬ್ರಷ್ಷಿನ ತುದಿಯಲ್ಲಿ ಕಪ್ಪು ಹನಿ ಓಲಾಡಿತು. ಹೆಣದ ಕುತ್ತಿಗೆ ಒಂದು ಕಡೆ ವಾಲಿತ್ತು.

“ತಲೆ ಸ್ವಲ್ಪ ಹಿಡ್ಕೋ ತಾಯಿ.”

ಎಲ್ಲರೂ ಸೊಸೆಯನ್ನು ನೋಡಿದರು. ಚಿಕ್ಕತ್ತೆಯೂ ನೋಡಿದರು. ಬೇಡ ಅನ್ನಲು ಎರಡಕ್ಷರ ಸಾಕಿತ್ತು. ಅವಳು ಕೂತಳು. ಎರಡು ಅಂಗೈಯಲ್ಲಿ ಅತ್ತೆಯ ಕೆನ್ನೆಗಳನ್ನು ಹಿಡಿದು ತಲೆಯನ್ನು ನೆಟ್ಟಗೆ ಮಾಡಿದಳು. ಚರ್ಮ ತಣ್ಣಗೆ, ನಯವಾಗಿತ್ತು. ಅವಳು ಅತ್ತೆಯ ಮುಖವನ್ನು ಮುಟ್ಟಿದ್ದು ಹನ್ನೆರಡು ವರ್ಷದಲ್ಲಿ ಇದೇ ಮೊದಲ ದಿನ.

ಬಲಗಣ್ಣಿನ ಗೆರೆ ಅರ್ಧ ದಾರಿಯಲ್ಲಿ ಅಂಕುಡೊಂಕಾಗಿ ಹುಬ್ಬಿನ ಕಡೆ ಹೋಯಿತು. ಮಾವ ಕರವಸ್ತ್ರದ ಮೂಲೆಯಿಂದ ಅದನ್ನು ಒರೆಸಿ ಮತ್ತೆ ಎಳೆದರು. ಎಡಗಣ್ಣಿನಲ್ಲಿ ಕಪ್ಪು ಒಳಗೆ ಇಳಿಯಿತು. ಹಾಲಿನಲ್ಲಿ ಬಿಕ್ಕಳಿಕೆ ಎದ್ದಿತು. ಟೈಲರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಎದುರುಮನೆಯಾಕೆ ಫೋನು ಎತ್ತಿ ಹಿಡಿದು ಎಲ್ಲವನ್ನೂ ವಿಡಿಯೋ ಮಾಡಿಕೊಳ್ಳುತ್ತ, ಇಂಥ ಗಂಡ ಸಿಗಬೇಕಾದರೆ ಏಳೇಳು ಜನ್ಮದ ಪುಣ್ಯ ಬೇಕು ಎಂದು ಪಕ್ಕದವಳ ಕಿವಿಯಲ್ಲಿ ಹೇಳಿದಳು. ಪಕ್ಕದವಳು ತನ್ನ ಗಂಡನ ಕಡೆ ನೋಡಿದಳು. ಅವನು ನೆಲ ನೋಡಿದ.

ಗಾಡಿ ಬಂದು ನಿಂತಾಗ ಸೊಸೆ ಬಾಗಿಲಿಗೆ ಹೋದಳು. ಚಿಕ್ಕತ್ತೆ ಮೆಟ್ಟಿಲ ಮೇಲೆ ಕೂತು ಚಪ್ಪಲಿಯ ಪಟ್ಟಿ ಬಿಗಿಯುತ್ತಿದ್ದರು. ಚೀಲ ಹೆಗಲಲ್ಲಿತ್ತು.

“ಅಲ್ಲೀವರೆಗೂ ಬರಲ್ವಾ ಚಿಕ್ಕತ್ತೆ?”

“ಬರಲ್ಲ. ಅವಳ ತಲೆ ಹಿಡಿದು ಕಣ್ಣು ಬರೆಯೋದನ್ನ ಎರಡನೇ ಸಲ ನೋಡಿದ್ದಾಯ್ತಲ್ಲ, ಸಾಕು.”

ಸೊಸೆ ಪಕ್ಕದಲ್ಲಿ ಕುಕ್ಕರಿಸಿದಳು. ತನ್ನ ಅಪ್ಪ ಹೋದ ದಿನದ್ದನ್ನು ಹೇಳಿಬಿಡಬೇಕೆನಿಸಿತು. ಆದರೆ ಬೇರೆ ಮಾತು ಬಂತು.

“ಅತ್ತೆ ನಂಗೊಂದು ಮಾತು ಹೇಳಬಹುದಿತ್ತು. ಒಂದೇ ಮನೇಲಿದ್ವಿ.”

“ನಾನೂ ಅಂದೆ,” ಅಂದರು ಚಿಕ್ಕತ್ತೆ. “ಸೊಸೆಗಾದ್ರೂ ಹೇಳೇ, ಹೆಣ್ಣು ಜೀವ, ಅರ್ಥ ಮಾಡ್ಕೋತಾಳೆ ಅಂತ. ಅವಳಿಗೆ ಮಾತ್ರ ಹೇಳಬೇಡ ಅಂದ್ಲು.”

“ಯಾಕೆ?”

“ನಗ್ತಾಳೆ ಅಂತ.”

ಚಿಕ್ಕತ್ತೆ ಎದ್ದು ಗೇಟು ದಾಟಿ ಹೋದರು. ತಿರುಗಿ ನೋಡಲಿಲ್ಲ. ಒಳಗಿನಿಂದ ನಾಲ್ಕು ಜನ ಹೆಣವನ್ನು ಎತ್ತಿಕೊಂಡು ಬರುತ್ತಿದ್ದರು, ಸೊಸೆ ದಾರಿ ಬಿಟ್ಟು ಗೋಡೆಗೆ ಒತ್ತಿ ನಿಂತಳು.

*

ಸಂಜೆ ದೀಪ ಹಾಕುವ ಹೊತ್ತಿಗೆ ಮನೆಯಲ್ಲಿ ಮೂವರೇ ಉಳಿದಿದ್ದರು. ಗಂಡ ಒಳಗೆ ಮಗ್ಗುಲಾಗಿ ಮಲಗಿದ್ದ. ಮಾವ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಊಟದ ಮೇಜಿಗೆ ಬಂದರು. ಪಕ್ಕದ ಮನೆಯವರು ಕಳಿಸಿದ ಅನ್ನವನ್ನು ಸೊಸೆ ಬಡಿಸಿದಳು. ಅವರು ಹಸಿದಿದ್ದರು, ಎರಡು ಸಲ ಹಾಕಿಸಿಕೊಂಡರು. ನಡುವೆ ಒಮ್ಮೆ ಕೈ ನಿಲ್ಲಿಸಿ, ಬಂದವರೆಲ್ಲ ಅವಳ ಕಣ್ಣನ್ನೇ ಹೊಗಳಿದರಲ್ಲ ಎಂದು ಸಮಾಧಾನದ ಉಸಿರು ಬಿಟ್ಟರು. ಅವರ ದನಿ ನಿಜಕ್ಕೂ ನಡುಗಿತು.

ಸೊಸೆ ಆ ಉಸಿರಿಗಾಗಿಯೇ ಕಾದಿದ್ದಳು. ಚಿತಾಗಾರದಿಂದ ಬರುವ ದಾರಿಯುದ್ದಕ್ಕೂ ಮಾತುಗಳನ್ನು ಒಂದರ ಹಿಂದೆ ಒಂದು ಜೋಡಿಸಿಕೊಂಡಿದ್ದಳು. ಕತ್ತಲೆ ಕೋಣೆ, ಬೆಂಚು, ಮೊಣಕಾಲು. ಕೇಳಿಯೇಬಿಡುವುದು ಎಂದು ಅನ್ನದ ಪಾತ್ರೆಯನ್ನು ಕೆಳಗಿಟ್ಟಳು. ಎದುರಿನ ಕುರ್ಚಿಯ ಬೆನ್ನನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು.

ಮಾವ ತಲೆಯೆತ್ತಿ ಅವಳನ್ನು ನೋಡಿದರು. ಮೇಲಿನ ಟ್ಯೂಬ್‌ಲೈಟು ನೇರವಾಗಿ ಅವಳ ಮುಖದ ಮೇಲೆ ಬೀಳುತ್ತಿತ್ತು. ಅತ್ತು ಅತ್ತು ಕಣ್ಣು ಊದಿತ್ತು, ಮೂಗು ಕೆಂಪಾಗಿತ್ತು, ಬೆಳಗ್ಗೆ ಎದ್ದಾಗಿನಿಂದ ಬಾಚಣಿಗೆ ಕಾಣದ ತಲೆ. ಅವರು ಅಷ್ಟು ದೂರದಿಂದಲೇ, ಬೆಳಕು ಅಳೆಯುವವರ ಹಾಗೆ ಕಣ್ಣು ಕಿರಿದು ಮಾಡಿ ಆ ಮುಖವನ್ನು ಒಂದು ಗಳಿಗೆ ಪರೀಕ್ಷಿಸಿದರು.

“ನಾಳೆಯಿಂದ ಜನ ಬರ್ತಾನೇ ಇರ್ತಾರೆ,” ಅಂದರು ಅಕ್ಕರೆಯಿಂದ. “ಮುಖ ಒಂಚೂರು ಸರಿ ಮಾಡ್ಕೋ ತಾಯಿ. ಮನೇಲಿ ಹೆಣ್ಣು ಅಂತ ಇನ್ನು ನೀನೊಬ್ಬಳೇ.”

ಅವಳಿಗೆ ಸಿಟ್ಟು ಬಂತು. ಅದು ಬಾಯಿಗೆ ಬರುವಷ್ಟರಲ್ಲಿ ಅವಳ ಕಣ್ಣು ಮಾವನ ಹಿಂದಿದ್ದ ಪಾತ್ರೆ ಬೀರುವಿನ ಗಾಜಿನ ಮೇಲೆ ಬಿತ್ತು. ಗಾಜಿನೊಳಗೆ, ಕವುಚಿಟ್ಟ ತಟ್ಟೆಗಳ ಮೇಲೆ, ಒಬ್ಬ ಹೆಂಗಸು ಕೆದರಿದ ಕೂದಲನ್ನು ಆಗಲೇ ಕಿವಿಯ ಹಿಂದಕ್ಕೆ ಸರಿಸಿ, ಕಣ್ಣ ಕೆಳಗಿನ ಊತವನ್ನು ಎರಡು ಬೆರಳಿನಿಂದ ಮೆಲ್ಲಮೆಲ್ಲಗೆ ಒತ್ತಿಕೊಳ್ಳುತ್ತಿದ್ದಳು.